ಆರನೇ ಬಾಗಿಲು

ಬೋರ್ಡಯ್ಯನ ಮನೆಯ ಅಡುಗೆಕೋಣೆಯಲ್ಲಿ ಒಂದು ಗೋಡೆ ಪೂರ್ತಿ ಮರದ ಕಪಾಟೇ. ಮೇಲಿಂದ ಕೆಳಕ್ಕೆ ಮೂರು, ಎಡದಿಂದ ಬಲಕ್ಕೆ ಮೂರು, ಒಟ್ಟು ಒಂಬತ್ತು ಬಾಗಿಲು, ಒಂಬತ್ತೂ ಒಂದೇ ಅಳತೆ. ನಲವತ್ತೆಂಟು ವರ್ಷದ ಎಣ್ಣೆ ಹೊಗೆ ಕುಡಿದು ಕಪ್ಪಾಗಿದ್ದವು, ಮುಟ್ಟಿದರೆ ಕೈಗೆ ಅಂಟುತ್ತಿದ್ದವು. ಬಲತುದಿಯ ಕೆಳಗಿನ ಖಾನೆಯ ತಳ ಕೊಳೆತಿತ್ತು. ಜಿರಳೆಗಳಂತೂ ಹೋಗುವ ಮನಸ್ಸಿಲ್ಲದ ನೆಂಟರ ಹಾಗೆ ಅಲ್ಲೇ ಸಂಸಾರ ಹೂಡಿದ್ದವು.

ಈ ಕಪಾಟನ್ನು ಏನು ಮಾಡುವುದು ಎಂದು ಆ ಮನೆಯಲ್ಲಿ ಒಂದು ತಿಂಗಳು ಜಗಳ ನಡೆಯಿತು. ಪೂರ್ತಿ ಕಿತ್ತು ಹೊಸದು ಕೂರಿಸಬೇಕು ಅಂತ ಸೊಸೆ. ಒಳಗಿನ ಪೆಟ್ಟಿಗೆ ಹಾಗೇ ಇರಲಿ, ಬಾಗಿಲು ಮಾತ್ರ ಬದಲಾಯಿಸೋಣ ಅಂತ ಮಗ. ಬಣ್ಣ ಹೊಡೆದರೆ ಮುಗಿಯಿತು ಅಂತ ಬೋರ್ಡಯ್ಯ ಮತ್ತು ಅವನ ಹೆಂಡತಿ.

ಹೆಂಡತಿಯನ್ನು ಬೀದಿಯವರೆಲ್ಲ ದೊಡ್ಡಮ್ಮ ಎನ್ನುತ್ತಿದ್ದರು. ದೊಡ್ಡಮ್ಮನಿಗೆ ಕಣ್ಣು ಕಾಣುತ್ತಿರಲಿಲ್ಲ. ಇದು ಗೊತ್ತಿದ್ದದ್ದು ಗಂಡನಿಗೊಬ್ಬನಿಗೇ.

ಪೂರ್ತಿ ಕತ್ತಲೆ ಅಂತಲ್ಲ. ನೇರ ನೋಡಿದರೆ ನಡುವೆ ಹಬೆ ಕಟ್ಟಿದ ಗಾಜು. ಓರೆಗಣ್ಣಲ್ಲಿ ಕಪ್ಪು ಯಾವುದು, ಬಿಳಿ ಯಾವುದು ಎನ್ನುವಷ್ಟು ತಿಳಿಯುತ್ತಿತ್ತು. ಎರಡು ವರ್ಷದ ಹಿಂದೆ ಡಾಕ್ಟರು ಪರೀಕ್ಷೆ ಮಾಡಿ, ಇದು ಕನ್ನಡಕಕ್ಕೆ ಬಗ್ಗುವ ಕಣ್ಣಲ್ಲ ಎಂದಿದ್ದರು. ಆಸ್ಪತ್ರೆಯಿಂದ ಬರುವಾಗ ಅವಳು ಗಂಡನಿಂದ ಮಾತು ತೆಗೆದುಕೊಂಡಳು.

"ಮನೇಲಿ ಹೇಳಕೂಡದು ರೀ."

"ಯಾಕೆ? ನಿನ್ನ ಕಣ್ಣು, ನೀನೇನು ಕದ್ದು ತಂದಿದ್ದಾ?"

"ಹೇಳಿದ್ರೆ ನನ್ನ ಕುರ್ಚಿಗೆ ಹಾಕ್ತಾರೆ."

ಕುರ್ಚಿ ಎಂದರೆ ಮುಂದಿನ ಕೋಣೆಯ ಕಿಟಕಿ ಪಕ್ಕದ ಕೈಯುಳ್ಳ ಕುರ್ಚಿ. ಅವಳ ಅತ್ತೆಗೆ ಕೈ ನಡುಕ ಶುರುವಾದಾಗ, ಹಾಲಿನ ಪಾತ್ರೆ ಬೀಳಿಸಿದ ಒಂದು ಬೆಳಿಗ್ಗೆ, ಕೈ ಹಿಡಿದು ಕರೆದುಕೊಂಡು ಹೋಗಿ ಅಲ್ಲಿ ಕೂರಿಸಿದವಳು ಇವಳೇ. "ಆರಾಮಾಗಿ ಕೂತ್ಕೊಳ್ಳಿ ಅತ್ತೆ, ನಾನಿದೀನಲ್ಲ" ಅಂತ ಒಳ್ಳೇ ಮಾತಿನಲ್ಲೇ ಹೇಳಿದ್ದಳು. ಮುದುಕಿ ಆರು ವರ್ಷ ಅಲ್ಲಿ ಕೂತು, ಯಾರು ಹೋದರೂ "ಏನು ಅಡುಗೆ ಇವತ್ತು?" ಎಂದು ಕೇಳಿ ಕೇಳಿ ಸತ್ತಿತು. ಆ ದನಿ ದೊಡ್ಡಮ್ಮನ ಕಿವಿಯಿಂದ ಹೋಗಿರಲಿಲ್ಲ.

ಹಾಗಾಗಿ ಗಂಡ ಹೆಂಡತಿ ಸೇರಿ ನಾಟಕ ಹೂಡಿದರು. ಬೇಳೆಯ ಕಲ್ಲು ಅವನು ಆರಿಸುವುದು. ಲೋಟಕ್ಕೆ ಚಹಾ ಸುರಿಯುವಾಗ ಅವನು ಎದುರು ನಿಂತು, ಅಂಚು ಮುಟ್ಟುವ ಹೊತ್ತಿಗೆ ಒಮ್ಮೆ ಕೆಮ್ಮುವುದು. ಒಂದು ಕೆಮ್ಮು ಅಂದರೆ ಸಾಕು, ನಿಲ್ಲಿಸು. ಔಷಧದಂಗಡಿಯಲ್ಲಿ ಕೆಲಸ ಮಾಡುವ ಸೊಸೆ ಆ ಕೆಮ್ಮು ಕೇಳಲಾರದೆ ಎರಡು ಬಾಟಲಿ ಸಿರಪ್ ತಂದುಕೊಟ್ಟಿದ್ದಳು. ಬೋರ್ಡಯ್ಯ ಪಾಪ, ಅದನ್ನೂ ಮುಖ ಕಿವುಚಿಕೊಂಡು ಕುಡಿದಿದ್ದ.

ಮಿಕ್ಕಿದ್ದೆಲ್ಲ ಅವಳ ಕೈ ನೋಡಿಕೊಳ್ಳುತ್ತಿತ್ತು. ಯಾವ ಬಾಗಿಲ ಹಿಡಿ ಅಲ್ಲಾಡುತ್ತದೆ, ಯಾವುದು ಕಿರ್ ಎನ್ನುತ್ತದೆ ಎಲ್ಲ ಬೆರಳಿಗೆ ಗೊತ್ತು. ಚಹಾಪುಡಿ, ಸಕ್ಕರೆ ಇರುವುದು ಕೆಳಸಾಲಿನ ನಡುವಿನ ಬಾಗಿಲಲ್ಲಿ. ಅದರ ಮೇಲಂಚಿನಲ್ಲಿ ಹೆಬ್ಬೆರಳು ಕೂರುವಷ್ಟು ಒಂದು ಸುಟ್ಟ ಕಚ್ಚು. ಮದುವೆಯಾದ ಹೊಸತರಲ್ಲಿ ತೆರೆದ ಬಾಗಿಲ ಅಂಚಿಗೆ ಕಾದ ಬಾಣಲೆ ತಾಗಿಸಿ ಮಾಡಿಕೊಂಡದ್ದು. ಒಲೆ ಬಲಗಡೆ. ಒಲೆಯಿಂದ ಬಗ್ಗಿ ಕೈ ಚಾಚಿದರೆ ಮೊದಲು ಸಿಗುವುದು ತುದಿಯ ಬಾಗಿಲು. ಅದು ನುಣ್ಣಗೆ. ಅದರಲ್ಲಿ ಫಿನಾಯಿಲು, ಸೋಪು. ಅದನ್ನು ದಾಟಿದರೆ ಕಚ್ಚು. ಕಚ್ಚು ಸಿಕ್ಕರೆ ಸಕ್ಕರೆ.

ಕಪಾಟಿನ ಅಂಗಡಿಯವನು ಟೇಪು ಹಿಡಿದು ಬಂದ ದಿನ ಭಾನುವಾರ. ಅಳತೆ ತೆಗೆದು, ಮಾದರಿಯ ಬಾಗಿಲೊಂದನ್ನು ಊಟದ ಮೇಜಿನ ಮೇಲಿಟ್ಟ.

"ಇದಕ್ಕೆ ಹಿಡೀನೇ ಇಲ್ಲ ಮೇಡಂ. ಹೀಗೆ ಒತ್ತಿದ್ರೆ ತೆಗೆಯುತ್ತೆ, ಬಿಟ್ರೆ ಸದ್ದಿಲ್ದೆ ಮುಚ್ಚುತ್ತೆ. ಎಲ್ಲಾ ಒಂದೇ ಥರ, ಕನ್ನಡಿ ಹಾಗೆ."

"ನೋಡಿ ಅತ್ತೆ, ಎಷ್ಟು ನೀಟಾಗಿದೆ," ಎಂದಳು ಸೊಸೆ.

ದೊಡ್ಡಮ್ಮ ಅಂಗೈ ಆಡಿಸಿದಳು. ಗುಂಡಿಯಿಲ್ಲ, ಗೀರಿಲ್ಲ, ತುದಿ ಮೊದಲಿಲ್ಲ. ನೀರ ಮೇಲೆ ಕೈಯಿಟ್ಟ ಹಾಗೆ.

"ಚೆನ್ನಾಗಿದೆ. ಆದ್ರೆ ಯಾಕೆ? ಹಳೇದು ಗಟ್ಟಿ ಇದೆಯಲ್ಲ."

"ಗಟ್ಟಿನಾ? ತಳ ಕೊಳೆತಿದೆ ಅತ್ತೆ. ಮೊನ್ನೆ ಬ್ರೆಡ್ಡಿನ ಡಬ್ಬದಲ್ಲಿ ಜಿರಳೆ."

"ತಳಕ್ಕೊಂದು ಹಲಗೆ ಹೊಡೆದ್ರಾಯ್ತು," ಎಂದ ಮಗ. ಅವನು ಲಿಫ್ಟ್ ರಿಪೇರಿಯವನು. ಜಗತ್ತಿನಲ್ಲಿ ಯಾವುದನ್ನೂ ಪೂರ್ತಿ ಬದಲಾಯಿಸಬೇಕಿಲ್ಲ, ಕೆಟ್ಟ ಭಾಗ ಬದಲಾಯಿಸಿದರೆ ಸಾಕು ಎನ್ನುವುದು ಅವನ ಮತ. "ಪೆಟ್ಟಿಗೆ ಇರಲಿ. ಬಾಗಿಲು ಮಾತ್ರ ಹೊಸದು. ಮುಖ ಬದಲಾಯಿಸೋದು ಅಂತಾರೆ ಇವರು."

"ಮುಖ ಬದಲಾಯಿಸಿದ್ರೆ ಹೊಟ್ಟೆ ಕೊಳೆತದ್ದು ಸರಿಹೋಗುತ್ತಾ? ಹದಿನಾಲ್ಕು ವರ್ಷ ಆಯ್ತು ನಾನು ಈ ಮನೆಗೆ ಬಂದು. ಒಂದು ಮೊಳೆ ನನ್ನಿಷ್ಟದ ಕಡೆ ಹೊಡೆದಿಲ್ಲ ನೀವ್ಯಾರೂ."

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಅಷ್ಟರಲ್ಲಿ ಅಂಗಡಿಯವನು ಬಣ್ಣದ ಚೂರುಗಳನ್ನು ಹರಡಿ, "ಹಿರಿಯರು ಆರಿಸಲಿ" ಎಂದ. ದೊಡ್ಡಮ್ಮ ಒಂದನ್ನು ಎತ್ತಿಕೊಂಡಳು.

"ಈ ನೀಲಿ ಪರವಾಗಿಲ್ಲ."

ಬೋರ್ಡಯ್ಯ ಕೆಮ್ಮಿದ. ತಡವಾಗಿತ್ತು. ಅದು ಬೂದಿ ಬಣ್ಣ. ಸೊಸೆ ಅತ್ತೆಯ ಮುಖವನ್ನೇ ನೋಡಿದಳು.

"ಅತ್ತೆ, ನಿಮಗೆ ಕಣ್ಣು ಸರಿಯಾಗಿ ಕಾಣ್ತಿದೆ ತಾನೆ?"

"ನಿಂಗಿಂತ ಚೆನ್ನಾಗಿ ಕಾಣ್ತಿದೆ. ಬೆಳಕು ಆ ಕಡೆಯಿಂದ ಬಂತು ಅಷ್ಟೆ."

"ನಂ ಅಂಗಡಿ ಪಕ್ಕದಲ್ಲೇ ಕಣ್ಣಿನ ಡಾಕ್ಟರು ಇದಾರೆ. ಒಂದಿನ ಹೋಗೋಣ."

"ಹೋಗೋಣ, ಹೋಗೋಣ. ಮೊದಲು ನಿನ್ನ ಗಂಡಂಗೆ ತೋರಿಸು. ಮೊನ್ನೆ ಎರಡು ಕಾಲಿಗೆ ಎರಡು ಬಣ್ಣದ ಸಾಕ್ಸ್ ಹಾಕ್ಕೊಂಡು ಹೋಗಿದ್ದ."

ಸಾಕ್ಸಿನ ವಿಷಯ ಅವಳ ಕಿವಿಗೆ ಹಾಕಿದ್ದವನು ಬೋರ್ಡಯ್ಯ. ಎಲ್ಲರೂ ನಕ್ಕರು. ಮಾತು ಸಾಕ್ಸಿನ ಕಡೆ ಹೋಯಿತು. ದೊಡ್ಡಮ್ಮ ಆ ಚೂರನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

ಆಮೇಲೆ ಎರಡು ವಾರ ಊಟಕ್ಕೆ ಕೂತರೆ ಇದೇ ಪುರಾಣ. ಸೊಸೆ ತಟ್ಟೆ ತಂದಿಡುವ ಸದ್ದಿನಲ್ಲೇ ಆ ದಿನದ ಹವಾಮಾನ ಗೊತ್ತಾಗುತ್ತಿತ್ತು. ಕೊನೆಗೆ ಅಂಗಡಿಯವನ ಲೆಕ್ಕದ ಚೀಟಿ ಬಂತು. ಮಗ ಅದನ್ನು ಎರಡು ಸಲ ಓದಿ, ಮಡಿಚಿ, ತಟ್ಟೆಯ ಕೆಳಗೆ ಇಟ್ಟ.

"ಬಣ್ಣಾನೇ ಹೊಡೆಯೋಣ ಬಿಡು ಈ ವರ್ಷ."

"ಗೊತ್ತಿತ್ತು," ಎಂದಳು ಸೊಸೆ. ಅಷ್ಟೇ. ಎದ್ದು ಹೋಗಿ ಪಾತ್ರೆ ತೊಳೆಯತೊಡಗಿದಳು.

ದೊಡ್ಡಮ್ಮ ಗೆದ್ದಳು. ಮೇಜಿನ ಕೆಳಗೆ ಗಂಡನ ಮೊಣಕಾಲು ಒತ್ತಿದಳು.

ಬಣ್ಣದ ಕೆಲಸ ಅಂದರೆ ಬ್ರಷ್ಷು ಹಿಡಿದು ಬಳಿಯುವುದಲ್ಲ ಎನ್ನುವುದು ಬೋರ್ಡಯ್ಯನಿಗೆ ಗೊತ್ತು. ನಲವತ್ತು ವರ್ಷ ಅಂಗಡಿಗಳಿಗೆ ಬೋರ್ಡು ಬರೆದ ಕೈ ಅದು. ಬಾಗಿಲೆಲ್ಲ ಬಿಚ್ಚಬೇಕು, ಜಿಡ್ಡು ತೆಗೆಯಬೇಕು, ಸ್ಯಾಂಡ್ ಪೇಪರ್ ಉಜ್ಜಬೇಕು, ಪ್ರೈಮರ್ ಕೊಡಬೇಕು, ಆಮೇಲೆ ಬಣ್ಣ. ಬಿಚ್ಚುವ ಮುಂಚೆ ಯಾವುದು ಎಲ್ಲಿಯದು ಅಂತ ನಂಬರ್ ಹಾಕಬೇಕು. ಅದನ್ನು ತಾನೇ ಹಾಕುತ್ತೇನೆಂದು ಕೂತ. ಸಣ್ಣ ಬ್ರಷ್ಷಿನಲ್ಲಿ, ಕಪ್ಪು ಬಣ್ಣದಲ್ಲಿ, ಬಾಗಿಲ ಒಳಬದಿಗೆ, ಮೇಲಿಂದ ಕೆಳಕ್ಕೆ ಎಣಿಸಿಕೊಂಡು ಬರೆದ: ೧, ೨, ೩. ಹಾಗೆ ನಡುವಿನ ಕೆಳಗಿನದು ೬, ಬಲತುದಿಯ ಕೆಳಗಿನದು ೯. ಒಂದೊಂದಕ್ಕೂ ಕೊಕ್ಕು, ಒಂದೊಂದಕ್ಕೂ ಬಳ್ಳಿಯಂಥ ಬಾಲ.

"ಅಪ್ಪ, ಪೆನ್ಸಿಲಲ್ಲಿ ಒಂದು ಗೀಟು ಹಾಕಿದ್ರೆ ಸಾಕಿತ್ತು. ನೀವು ಒಡವೆ ಅಂಗಡಿ ಬೋರ್ಡ್ ಬರೀತಿದೀರಿ."

"ಅಂಕಿ ಅಂದ್ಮೇಲೆ ಅಂದವಾಗಿರ್ಬೇಕು ಕಣೋ. ಯಾರೂ ನೋಡದ ಕಡೆ ಬರೆದ್ರೂ ಅದು ನನ್ನ ಕೈಬರಹ."

"ನನಗೆ ಈ ಕನ್ನಡ ಅಂಕಿ ಓದೋಕೆ ಅರ್ಧ ಗಂಟೆ ಬೇಕು."

"ಓದು. ಲಿಫ್ಟ್ ಬಟನ್ನಲ್ಲಿರೋದು ಮಾತ್ರ ಅಂಕಿ ಅಂದ್ಕೊಂಡಿದೀಯ."

ಬಾಗಿಲುಗಳು ಹಿತ್ತಲಿಗೆ ಹೋದವು. ಅಷ್ಟು ವರ್ಷದ ಜಿಡ್ಡು ಸೋಪಿಗೆ ಬಗ್ಗಲಿಲ್ಲ. ಮಗ ಕಾಸ್ಟಿಕ್ ಸೋಡ ತಂದ. ಬಕೆಟ್ ನೀರಿಗೆ ಹಾಕಿದರೆ ನೀರು ಬಿಸಿಯಾಗಿ ಬುಸುಗುಟ್ಟುತ್ತಿತ್ತು. ರಬ್ಬರ್ ಕೈಗವಸು ಹಾಕಿ, ಅಂಕಿ ಇದ್ದ ಒಳಬದಿ ಬಿಟ್ಟು ಹೊರಬದಿ, ಅಂಚು ಉಜ್ಜಿದ. ಮಿಕ್ಕಿದ್ದ ಸೋಡದ ಚೀಲ ಹರಿದಿತ್ತು. ಅಡುಗೆಮನೆಯಲ್ಲಿ ಖಾಲಿ ಬಿದ್ದಿದ್ದ ಪ್ಲಾಸ್ಟಿಕ್ ಡಬ್ಬವೊಂದಕ್ಕೆ ಅದನ್ನು ಸುರಿದ. ಸಕ್ಕರೆ ಡಬ್ಬದ ಜೋಡಿ ಅದು, ಒಟ್ಟಿಗೇ ಕೊಂಡದ್ದು. ಮಗ ಅಜಾಗರೂಕನೇನಲ್ಲ. ಬಿಳಿ ಕಾಗದ ಅಂಟಿಸಿ, ದಪ್ಪ ಪೆನ್ನಿನಲ್ಲಿ, "ವಿಷ, ಮುಟ್ಟಬೇಡಿ" ಎಂದು ಬರೆದ. ತುದಿಯ ಕೆಳಗಿನ ಖಾನೆಯಲ್ಲಿ, ಫಿನಾಯಿಲಿನ ಪಕ್ಕ ಇಟ್ಟ.

ಒಂದು ವಾರ ಮನೆ ತುಂಬ ಬಣ್ಣದ ವಾಸನೆ. ಸಾಮಾನೆಲ್ಲ ಮುಂದಿನ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗಳಲ್ಲಿ. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಆಲೂಗಡ್ಡೆ. ಅದನ್ನೇ ತಿಂದು ಮಲಗಿದರು.

ಶನಿವಾರ ಮಧ್ಯಾಹ್ನ ಮಗ ಬಾಗಿಲು ಕೂರಿಸತೊಡಗಿದ. ಬೋರ್ಡಯ್ಯ ಕ್ಷೌರಕ್ಕೆ ಹೋಗಿದ್ದ. ಸೊಸೆ ಕೆಲಸದಲ್ಲಿ. ಏಳು ಬಾಗಿಲು ಸಲೀಸಾಗಿ ಕೂತವು. ಎರಡು ಉಳಿದವು, ಎರಡು ಜಾಗ ಉಳಿದವು. ಮಗ ಒಂದನ್ನು ತಿರುಗಿಸಿ ನೋಡಿದ, ಇನ್ನೊಂದನ್ನು ತಿರುಗಿಸಿ ನೋಡಿದ. ಎರಡರ ಬಾಲವೂ ಬಳ್ಳಿ.

"ಅಮ್ಮಾ, ಇಲ್ಲಿ ಬಾ. ಇದು ಆರೋ ಒಂಬತ್ತೋ? ಅಪ್ಪನ ಕಲೆ ನನಗೆ ತಿಳಿಯಲ್ಲ."

ದೊಡ್ಡಮ್ಮ ಬಂದು ನಿಂತಳು. ಬಾಗಿಲ ಬಣ್ಣ ಬಳಿಯದ ಒಳಬದಿ ಮುಖದೆದುರು ಇತ್ತು. ಅವಳಿಗೆ ಕಂಡದ್ದು ಕಂದು ಮಬ್ಬು, ನಡುವೆ ಏನೂ ಇಲ್ಲ. ಮೇಲಂಚಿಗೆ ಕೈ ಚಾಚಿದಳು.

"ಮುಟ್ಟಬೇಡ, ಅಂಚು ಇನ್ನೂ ಹಸಿ. ನೋಡಿ ಹೇಳು ಸಾಕು."

ಅಪ್ಪ ಬರಲಿ ಇರು ಎನ್ನಬಹುದಿತ್ತು. ಮಾತು ಬಾಯಿ ತನಕ ಬಂದಿತ್ತು ಕೂಡ. ಆದರೆ ಶಾಲೆಗೆ ಹೋಗಿ ಲೆಕ್ಕದಲ್ಲಿ ಬಹುಮಾನ ತಂದವಳು, ಗಂಡನ ಬೋರ್ಡಿನ ತಪ್ಪು ತಿದ್ದುತ್ತಿದ್ದವಳು, ಮೂರು ಗೇಣು ದೂರದ ಅಂಕಿ ಓದಲಾರೆ ಅಂದರೆ ಮಗ ಸುಮ್ಮನಿರುತ್ತಾನೆಯೇ? ಹೆಂಡತಿಗೆ ಹೇಳುತ್ತಾನೆ. ಸೋಮವಾರ ಕಣ್ಣಿನ ಡಾಕ್ಟರು. ಮಂಗಳವಾರ ಕುರ್ಚಿ.

ತಲೆ ಒಂದಿಷ್ಟು ಹಿಂದೆ ಮಾಡಿ, ಕಣ್ಣು ಕಿರಿದು ಮಾಡಿ, ಓದುವವಳ ಹಾಗೆ ನಿಂತಳು.

"ಒಂಬತ್ತು," ಎಂದಳು. "ಅಷ್ಟೂ ಗೊತ್ತಾಗಲ್ವಾ ನಿಂಗೆ?"

"ಹಾಗಾದ್ರೆ ಇದು ತುದಿಗೆ," ಎಂದು ಮಗ ತಿರುಪು ಬಿಗಿದ.

ಸಂಜೆ ಸೊಸೆ ಸಾಮಾನೆಲ್ಲ ಮೊದಲಿದ್ದ ಖಾನೆಗಳಿಗೇ ತುಂಬಿದಳು. ಸಕ್ಕರೆ, ಚಹಾಪುಡಿ ನಡುವಿಗೆ. ಫಿನಾಯಿಲು, ಸೋಪು, ಆ ಡಬ್ಬ ತುದಿಗೆ. ದೂರ ನಿಂತು ನೋಡಿ, "ಪರವಾಗಿಲ್ಲ, ಬೆಳ್ಳಗಾದ್ರೂ ಆಯ್ತು" ಎಂದಳು. ತಿಂಗಳಲ್ಲಿ ಅವಳಾಡಿದ ಮೊದಲ ಮೆತ್ತನೆಯ ಮಾತು ಅದು.

ಬೆಳಿಗ್ಗೆ ದೊಡ್ಡಮ್ಮ ಒಲೆ ಹೊತ್ತಿಸಿದಳು. ಕಪಾಟಿನ ಕಪ್ಪು ಹೋಗಿ, ಗೋಡೆಗೂ ಬಾಗಿಲಿಗೂ ವ್ಯತ್ಯಾಸವಿಲ್ಲದ ಒಂದೇ ಬಿಳಿ ಮಂಜು. ಇರಲಿ, ಕೈ ಇದೆಯಲ್ಲ. ಬಗ್ಗಿ ಕೈ ಚಾಚಿದಳು. ಮೊದಲನೇ ಬಾಗಿಲಲ್ಲೇ ಹೆಬ್ಬೆರಳು ಕಚ್ಚಿನೊಳಗೆ ಕೂತಿತು.

ಒಂದು ಗಳಿಗೆ ತಡೆದಳು. ಇಷ್ಟು ಬೇಗ ಸಿಕ್ಕಿತೇ? ತುದಿಯದು ದಾಟಲೇ ಇಲ್ಲವಲ್ಲ. ಮಬ್ಬಿನಲ್ಲಿ ಎರಡು ಹೆಜ್ಜೆ ಮುಂದೆ ಬಂದಿರಬೇಕು ಎಂದುಕೊಂಡಳು. ಹೆಜ್ಜೆ ತಪ್ಪಿದ್ದುಂಟು, ಕೈ ಒಂದು ದಿನವೂ ತಪ್ಪಿರಲಿಲ್ಲ. ಬಾಗಿಲು ತೆಗೆದಳು. ಅದೇ ಡಬ್ಬ, ಅದೇ ತಿರುಗುಮುಚ್ಚಳ, ಚಮಚಕ್ಕೆ ಅದೇ ಸರಸರ ಸದ್ದು. ಪಕ್ಕದಲ್ಲಿ ಫಿನಾಯಿಲು ಇದ್ದರೂ ಮೂಗಿನ ತುಂಬ ಬಣ್ಣವೇ. ಚಹಾಪುಡಿ ಆಗಲೇ ಒಲೆ ಪಕ್ಕ ಇತ್ತು, ಸೊಸೆ ರಾತ್ರಿ ಕುಡಿದು ಅಲ್ಲೇ ಬಿಟ್ಟಿದ್ದಳು. ಎದುರು ನಿಂತು ಕೆಮ್ಮಲು ಗಂಡ ಇರಲಿಲ್ಲ, ಅವನ ಲೋಟ ಮುಕ್ಕಾಲಿಗೇ ನಿಲ್ಲಿಸಿ ಎರಡು ಚಮಚ ಹಾಕಿದಳು. ತನಗೆ ಸಕ್ಕರೆ ಬೇಡ.

ಬೋರ್ಡಯ್ಯ ಹಿತ್ತಲ ಮೆಟ್ಟಿಲ ಮೇಲೆ ಕೂತು ಬ್ರಷ್ಷು ತೊಳೆಯುತ್ತಿದ್ದ. ಲೋಟ ತಗೊಂಡ. ಅವನದು ಯಾವತ್ತೂ ಹಾಗೇ, ಸುಡುಸುಡುವುದನ್ನು ಒಂದೇ ದೊಡ್ಡ ಗುಟುಕಿಗೆ ಎಳೆಯುವುದು.

ಲೋಟ ಬಿದ್ದ ಸದ್ದು ಕೇಳಿಸಿತು. ಆಮೇಲೆ ಒಂದು ಸದ್ದು. ಅದು ಕೆಮ್ಮಲ್ಲ. ಎರಡು ವರ್ಷ ಆ ಗಂಟಲಿನ ಪ್ರತಿ ಸದ್ದಿನ ಅರ್ಥ ಬಲ್ಲವಳಿಗೆ ಇದರ ಅರ್ಥ ತಿಳಿಯಲಿಲ್ಲ.

ಸೊಸೆ ಓಡಿಬಂದಳು. ಬಾಯಿ ನೋಡಿದಳು, ಲೋಟ ಮೂಸಿದಳು, ಒಳಗೆ ಓಡಿ ಡಬ್ಬ ನೋಡಿದಳು.

"ವಾಂತಿ ಮಾಡಿಸಬೇಡಿ, ಏನೂ ಕುಡಿಸಬೇಡಿ. ಗಾಡಿ ತೆಗೀರಿ, ಗಾಡಿ ತೆಗೀರಿ ಅಂದೆ."

ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದ ತಾಯಿಯ ಮುಂದೆ ಮಗ ಮಂಡಿಯೂರಿದ.

"ಅಷ್ಟು ದೊಡ್ಡದಾಗಿ ಬರೆದಿದ್ದೆನಲ್ಲಮ್ಮಾ. ವಿಷ ಅಂತ ಬರೆದಿದ್ದೆ. ನೋಡ್ಲಿಲ್ವಾ ನೀನು?"

ಸೊಸೆ ಕೈಚೀಲದಿಂದ ಒಂದು ಚೀಟಿ ತೆಗೆದು ಅವಳ ಮುಖದ ಮುಂದೆ ಹಿಡಿದಳು.

"ಅತ್ತೆ, ಇದೇನು ಹೇಳಿ."

"ಚೀಟಿ."

"ಏನು ಬರೆದಿದೆ?"

ದೊಡ್ಡಮ್ಮ ಚೀಟಿಯ ಮೇಲೆ ಬೆರಳಾಡಿಸಿದಳು. ಸೊಸೆ ಚೀಟಿ ಇಳಿಸಿದಳು.

"ಎಷ್ಟು ದಿನದಿಂದ?"

"ಎರಡು ವರ್ಷ."

"ಎರಡು ವರ್ಷ ನಮಗೆಲ್ಲ ಅಡುಗೆ ಮಾಡಿ ಹಾಕಿದ್ರಿ."

"ಮಾಡಿದೆ. ಒಂದು ದಿನ ಉಪ್ಪು ಹೆಚ್ಚಾಗಿತ್ತಾ ಹೇಳು."

ಅಷ್ಟು ಹೇಳಿ ತಾನೇ ನಾಚಿ ಬಾಯಿ ಮುಚ್ಚಿಕೊಂಡಳು. ಮಗ ಸೊಸೆ ಅಲ್ಲೇ ಒಬ್ಬರ ಮೇಲೊಬ್ಬರು ಹರಿಹಾಯ್ದರು.

"ಸಕ್ಕರೆ ಡಬ್ಬದ ಜೋಡೀಲಿ ಯಾರಾದ್ರೂ ಕಾಸ್ಟಿಕ್ ಹಾಕ್ತಾರೇನ್ರಿ?"

"ನೀನೇ ಅಲ್ವಾ ಅದನ್ನ ವಾಪಸ್ ಕಪಾಟಲ್ಲಿಟ್ಟಿದ್ದು? ಹೊರಗೆ ಬಿಸಾಕೋಕೆ ಏನಾಗಿತ್ತು?"

"ಅದರದ್ದೇ ಖಾನೇಲಿಟ್ಟೆ. ಸಕ್ಕರೆ ಖಾನೇಲಿಡಲಿಲ್ಲ. ಮೊದಲೇ ಹೇಳಿದ್ದೆ, ಎಲ್ಲಾ ಕಿತ್ತು ಬಿಸಾಕೋಣ ಅಂತ."

ದೊಡ್ಡಮ್ಮ ಆ ಮಾತನ್ನು ಕೇಳಿಸಿಕೊಂಡಳು. ಸಕ್ಕರೆ ಖಾನೆಯಲ್ಲಿ ಇಡಲಿಲ್ಲ. ಹಾಗಾದರೆ ಕಚ್ಚು? ತನ್ನ ಹೆಬ್ಬೆರಳು? ಕಣ್ಣು ಹೋದದ್ದಕ್ಕೆ ಅವಳು ಅತ್ತಿರಲಿಲ್ಲ. ಈಗ ಕೈಯೂ ಸುಳ್ಳು ಹೇಳಿತೆಂದು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಳು.

ಬೋರ್ಡಯ್ಯ ಬದುಕಿದ. ಅದನ್ನು ಬದುಕು ಎನ್ನುವುದಾದರೆ. ಅನ್ನನಾಳ ಸುಟ್ಟಿತ್ತು, ಹೊಟ್ಟೆಗೆ ತೂತು ಮಾಡಿ ನಳಿಕೆ ಇಟ್ಟಿದ್ದರು. ಉಸಿರಿಗೆಂದು ಕತ್ತಿನಲ್ಲಿ ಇನ್ನೊಂದು ತೂತು. ದನಿ ಹೋಗಿತ್ತು. ಐದನೇ ವಾರ ಮನೆಗೆ ಬಂದಾಗ ದೊಡ್ಡಮ್ಮ ಕಿಟಕಿ ಪಕ್ಕದ ಕುರ್ಚಿಯಲ್ಲಿದ್ದಳು. ಯಾರೂ ಅವಳನ್ನು ಹಿಡಿದು ಕೂರಿಸಿರಲಿಲ್ಲ. ತಾನೇ ಹೋಗಿ ಕೂತದ್ದು.

ಸೊಸೆ ದಿನಕ್ಕೆ ಐದು ಸಲ ಮಾವನ ನಳಿಕೆಗೆ ತೆಳು ಗಂಜಿ ಬಿಡುತ್ತಿದ್ದಳು. ಅತ್ತೆಗೆ ತಟ್ಟೆ ಕೈಗೇ ಕೊಡುತ್ತಿದ್ದಳು. "ಬಲಗಡೆ ಬ್ರೆಡ್ಡು, ಎಡಗಡೆ ಮೊಟ್ಟೆ." ಬೈಯುತ್ತಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕಪಾಟು ಕಿತ್ತು ಹೊಸದು ಕೂರಿಸುವುದೆಂದು ಈ ಸಲ ಯಾರೂ ಚರ್ಚೆ ಮಾಡಲಿಲ್ಲ. ಅಂಗಡಿಯವನು ಬಂದು, "ಬಣ್ಣ ಹೊಸದಾಗೇ ಇದೆಯಲ್ಲ ಮೇಡಂ" ಎಂದ. "ಕಿತ್ತು ಹಾಕಿ" ಎಂದಳು ಸೊಸೆ. ತಾನು ಬಯಸಿದ್ದೇ ಬರುತ್ತಿದ್ದರೂ, ಯಾವ ಬಣ್ಣ ಎಂದು ಕೇಳಿದ್ದಕ್ಕೆ, "ಯಾವುದಾದ್ರೂ" ಎಂದಳು.

ಆಳುಗಳು ಬಾಗಿಲು ಬಿಚ್ಚುವಾಗ ಬೋರ್ಡಯ್ಯ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದ. ಬಲತುದಿಯ ಕೆಳಗಿನದು ಮೊದಲು ಬಂತು. ಗೋಡೆಗೆ ಒರಗಿಸಿದಾಗ ಒಳಬದಿ ಅವನ ಕಡೆಗಿತ್ತು. ಮೇಲಂಚಿನಲ್ಲಿ ಸುಟ್ಟ ಕಚ್ಚು. ಅದರ ಕೆಳಗೆ ಅವನದೇ ಕೈಬರಹ: ೬.

ಅವನು ಬಹಳ ಹೊತ್ತು ಅದನ್ನೇ ನೋಡಿದ. ಎದ್ದು ಬಾಗಿಲನ್ನು ಎಳೆದುಕೊಂಡು, ನಿಂತು, ಮತ್ತೆ ಎಳೆದುಕೊಂಡು, ಮುಂದಿನ ಕೋಣೆಗೆ ತಂದ. ಹೆಂಡತಿಯ ತೊಡೆಯ ಮೇಲೆ ಅಡ್ಡ ಮಲಗಿಸಿದ. ಅವಳ ಕೈಯನ್ನು ಸೆರಗಿನಿಂದ ಬಿಡಿಸಿ ಕಚ್ಚಿನ ಮೇಲಿಟ್ಟ.

"ಇದು ಸಕ್ಕರೆ ಬಾಗಿಲು," ಎಂದಳು ದೊಡ್ಡಮ್ಮ. "ಯಾಕೆ ತಂದ್ರಿ ಇದನ್ನ?"

ಅವನು ಅವಳ ಬೆರಳನ್ನು ಅಂಕಿಯ ಮೇಲೆ ಆಡಿಸಿದ. ಬಣ್ಣ ದಪ್ಪಗೆ ನಿಂತಿತ್ತು, ಬೆರಳಿಗೆ ಸಿಗುತ್ತಿತ್ತು. ಆಮೇಲೆ ಅವಳ ಅಂಗೈ ಬಿಡಿಸಿ ತನ್ನ ಬೆರಳಿನಿಂದ ಬರೆದ. ೬. ಅಳಿಸುವವನ ಹಾಗೆ ಒರೆಸಿ, ಮತ್ತೆ ಬರೆದ. ೯. ಆಮೇಲೆ ಅವಳ ತೋಳು ಹಿಡಿದು ಬಲಗಡೆಗೆ, ಅಡುಗೆಕೋಣೆಯ ತುದಿ ಇರುವ ಕಡೆಗೆ ಚಾಚಿದ.

ಅವಳು ನಿಧಾನಕ್ಕೆ ಹೇಳಿದಳು. "ಆರನೇದು ಒಂಬತ್ತರ ಜಾಗದಲ್ಲಿತ್ತು."

ಅವನು ಅವಳ ಅಂಗೈಯನ್ನು ತನ್ನ ಎದೆಯ ಮೇಲಿಟ್ಟು ಬಡಿದುಕೊಂಡ. ಒಂದು ಸಲ, ಎರಡು ಸಲ. ನಾನು. ನನ್ನ ಬಳ್ಳಿ. ನನ್ನ ಬಾಲ.

ಒಂದು ಗಳಿಗೆ ಅವಳಿಗೆ ಹಗುರವಾಯಿತು. ಕೈ ತಪ್ಪಿರಲಿಲ್ಲ. ಕೈ ಸುಳ್ಳು ಹೇಳಿರಲಿಲ್ಲ. ಆಮೇಲೆ ಹಸಿ ಅಂಚಿನ ಬಾಗಿಲು ಎದುರು ಹಿಡಿದು ನಿಂತಿದ್ದ ಮಗ, ತಾನು ಕಿರಿದು ಮಾಡಿದ ಕಣ್ಣು, ಎಲ್ಲ ನೆನಪಿಗೆ ಬಂತು.

"ನಿಮ್ಮ ಬಾಲ ಅಲ್ಲ ರೀ," ಎಂದಳು. "ಅವನು ನನ್ನ ಕೇಳಿದ್ದ. ಈ ಬಾಗಿಲನ್ನೇ ಹಿಡಿದು ಕೇಳಿದ್ದ, ಆರೋ ಒಂಬತ್ತೋ ಅಂತ. ನೀವು ಕ್ಷೌರಕ್ಕೆ ಹೋಗಿದ್ರಿ. ನನಗೆ ಏನೂ ಕಾಣ್ಲಿಲ್ಲ. ಕಂಡವಳ ಹಾಗೆ ನಾನು..."

ಬೋರ್ಡಯ್ಯನ ಕತ್ತಿನ ತೂತಿನಿಂದ ಗಾಳಿ ಒಮ್ಮೆ ಹೊರಬಂತು. ಒಂದೇ ಒಂದು ಸಲ, ಗಿಡ್ಡಗೆ, ದನಿಯಿಲ್ಲದೆ. ಲೋಟದ ಅಂಚಿಗೆ ಚಹಾ ಮುಟ್ಟಿದಾಗ ಬರುತ್ತಿದ್ದಷ್ಟೇ ಉದ್ದ.

ದೊಡ್ಡಮ್ಮ ಅಲ್ಲಿಗೆ ನಿಲ್ಲಿಸಿದಳು.